ಚಿತ್ತಪ್ಪನಿಗೆ ಸಿಗದ ಶನಿ

ಚಳ್ಳಕೆರೆಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿರುವ ಚಿತ್ತಪ್ಪನಿಗೆ ಆಕಾಶದ ಹುಚ್ಚು ಹತ್ತಿದ್ದು ಮೆಣಸಿನಕಾಯಿ ಬಜ್ಜಿಯಿಂದ. ಇದನ್ನು ಅವನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಕೇಳಿದವರಿಗೆಲ್ಲ, ಚಿಕ್ಕಂದಿನಲ್ಲಿ ಮಾಳಿಗೆ ಮೇಲೆ ಮಲಗಿ ನಕ್ಷತ್ರ ನೋಡುತ್ತಿದ್ದೆ, ಮನಸ್ಸು ಆಗಲೇ ಮೇಲಕ್ಕೆ ಹೋಗಿಬಿಟ್ಟಿತು ಎಂದು ಬುರುಡೆ ಬಿಡುತ್ತಾನೆ. ಆಗ ಅವರ ಮನೆಗೆ ಮಾಳಿಗೆಯೇ ಇರಲಿಲ್ಲ. ಇದ್ದದ್ದು ಹುಲ್ಲಿನ ಗುಡಿಸಲು. ಅದರ ಮೇಲೆ ಮಲಗಿದ್ದರೆ ನೆಟ್ಟಗೆ ಒಲೆಯ ಮೇಲಿನ ಮುದ್ದೆ ಗಡಿಗೆಗೆ ಬೀಳುತ್ತಿದ್ದ.

ನಡೆದದ್ದು ಇಷ್ಟು. ಬಸ್ ನಿಲ್ದಾಣದ ಹತ್ತಿರ ಪಾಪಕ್ಕನ ಮಂಡಕ್ಕಿ ಅಂಗಡಿ ಇದೆ. ಒಂದು ಸಂಜೆ ಪಾಪಕ್ಕ ಮಿರ್ಚಿ ಕಟ್ಟಿಕೊಟ್ಟ ಹಳೇ ಪುಸ್ತಕದ ಹಾಳೆ ಎಣ್ಣೆ ಕುಡಿದು ಗಾಜಿನಂತಾಗಿತ್ತು, ಅದರೊಳಗಿಂದ ಚಂದ್ರ ಇಣುಕುತ್ತಿದ್ದ. ಮೈತುಂಬ ಗುಂಡಿ ಬಿದ್ದ ಚಂದ್ರ. ಚಿತ್ತಪ್ಪ ಮಿರ್ಚಿ ತಿನ್ನುವುದನ್ನೇ ಮರೆತ.

“ಅಕ್ಕಾ, ಇದರ ಮಿಕ್ಕ ಹಾಳೆ ಎಲ್ಲಿ ಅವೆ?”

“ನಾನೇನು ಪುಸ್ತಕದಂಗಡಿ ಇಟ್ಟೀನೇನ್ಲೇ? ಹಾಳೆ ಬೇಕಂದ್ರೆ ಮಿರ್ಚಿ ತಗೋ” ಎಂದಳು ಪಾಪಕ್ಕ. ವ್ಯಾಪಾರ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಚಿತ್ತಪ್ಪ ಹಟಕ್ಕೆ ಬಿದ್ದ. ಒಂದೊಂದು ಹಾಳೆಗೂ ಒಂದೊಂದು ಸಲ ಮಿರ್ಚಿ ತಿಂದ. ಚಂದ್ರನ ಹಿಂಭಾಗಕ್ಕೆ ಬರುವಷ್ಟರಲ್ಲಿ ಹೊಟ್ಟೆಯೊಳಗೆ ಬೆಂಕಿ ಬಿದ್ದು, ಡಾಕ್ಟರ ಹತ್ತಿರ ಹೋಗಿ ಗುಳಿಗೆ ತಂದ. ಕೊನೆಯ ಹಾಳೆ ಪರಶುರಾಂಪುರದ ಬಸ್ಸಿನ ಕಂಡಕ್ಟರನ ಪಾಲಾಗಿತ್ತು. ಚಿತ್ತಪ್ಪ ಅದೇ ಬಸ್ಸು ಹತ್ತಿ, ಟಿಕೆಟ್ಟು ತೆಗೆಸಿ, ಕಂಡಕ್ಟರ್ ತಿಂದು ಮುಗಿಸುವ ತನಕ ಅವನ ಬಾಯನ್ನೇ ನೋಡುತ್ತ ನಿಂತು, ಹಾಳೆ ಇಸಿದುಕೊಂಡು ಬಂದ. ಆ ಪುಸ್ತಕವನ್ನು ಹೊಲಿದು ಇಟ್ಟುಕೊಂಡಿದ್ದಾನೆ. ಇವತ್ತಿಗೂ ಅದಕ್ಕೆ ಇರುವೆ ಮುತ್ತುತ್ತವೆ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಗುಜರಿ ಅಂಗಡಿಯ ಜಯಣ್ಣನಿಗೆ ತಾಕೀತು ಮಾಡಿಟ್ಟ: ರಾಕೆಟ್ಟು, ಚಂದ್ರ, ನಕ್ಷತ್ರ, ಏನೇ ಚಿತ್ರ ಕಂಡರೂ ತೂಕಕ್ಕೆ ಹಾಕಬೇಡ, ಮೊದಲು ನನಗೆ ಫೋನು ಮಾಡು. ಸುಟ್ಟ ಮೋಟಾರ್ ತರಲು ಹಳ್ಳಿಗೆ ಹೋದರೆ ಬಾವಿ ನೋಡುವ ಮುಂಚೆ ಮನೆಯ ಗೂಡು ನೋಡುತ್ತಿದ್ದ. ರಾಯದುರ್ಗದ ಸಂತೆಯಿಂದ ತೆಲುಗಿನ ಪುಸ್ತಕಗಳೂ ಬಂದವು. ತೆಲುಗು ಅವನಿಗೆ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಆದರೂ ಇರಲಿ ಎಂದು ಇಟ್ಟುಕೊಂಡ. ರಷ್ಯಾದಲ್ಲಿ ಅಚ್ಚಾಗಿ ಬಂದ, ಗಗನಕ್ಕೆ ಹೋದ ನಾಯಿಯ ಚಿತ್ರವಿರುವ ಕನ್ನಡ ಪುಸ್ತಕ ಒಂದಿತ್ತು. ಗೆದ್ದಲು ಬಾರದಿರಲಿ ಎಂದು ಎಲ್ಲವನ್ನೂ ಎಣ್ಣೆ ಮಿಲ್ಲಿನ ಹಳೇ ತಗಡಿನ ಡಬ್ಬಗಳಲ್ಲಿ ತುಂಬಿದ. ಮನೆಯ ಒಂದು ಗೋಡೆ ಪೂರ್ತಿ ಡಬ್ಬಗಳೇ.

ಇಷ್ಟೆಲ್ಲ ಇಟ್ಟುಕೊಂಡರೂ ಚಿತ್ತಪ್ಪ ಯಾವ ಪುಸ್ತಕವನ್ನೂ ಪೂರ್ತಿ ಓದಿದವನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪುಸ್ತಕ ಕೈಗೆ ಬಂದರೆ ಮೊದಲು ಮೂಸುತ್ತಾನೆ. ಹಾಳೆ ಹರಿದಿದೆಯೇ ನೋಡುತ್ತಾನೆ. ಆಮೇಲೆ ಚಿತ್ರ ನೋಡಿ, ಚಿತ್ರದ ಕೆಳಗಿನ ಎರಡು ಸಾಲು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಆ ಎರಡು ಸಾಲಿನ ಬಂಡವಾಳದಲ್ಲಿ ಅಂಗಡಿಗೆ ಬಂದ ರೈತರ ತಲೆ ತಿನ್ನುತ್ತಾನೆ. ಈರುಳ್ಳಿ ಮಡಿಗೆ ನೀರು ಹಾಯಿಸಲು ಮೋಟಾರ್ ರಿಪೇರಿಗೆ ತಂದು ಕಾಯುತ್ತ ಕೂತವನ ಹತ್ತಿರ, “ಮಂಗಳ ಗ್ರಹದಾಗೂ ಹಿಂದೆ ನೀರಿತ್ತು, ಗೊತ್ತಾ?” ಎಂದರೆ ಅವನಾದರೂ ಏನು ಹೇಳಬೇಕು? “ಅಲ್ಲಿಗೆ ಪೈಪು ಎಳೆಯೋದು ಆಮ್ಯಾಕೆ ನೋಡಾನ, ಮೊದ್ಲು ನಮ್ಮ ಬೋರು ಎತ್ತಿಸಪ್ಪಾ” ಎಂದು ಕೈ ಮುಗಿಯುತ್ತಾನೆ. ಚಂದ್ರಯಾನ ಇಳಿದ ದಿನವಂತೂ ಚಿತ್ತಪ್ಪ ತಾನೇ ಇಳಿಸಿದವನಂತೆ ಬೀದಿಗೆಲ್ಲ ಪೇಡ ಹಂಚಿದ.

ಇಂಥವನಿಗೆ ಒಬ್ಬ ಎದುರಾಳಿಯೂ ಇದ್ದರು. ಮೊಳಕಾಲ್ಮೂರಿನ ಜಂಬುಲಿಂಗಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಅವರಿಗೂ ಇದೇ ಕಾಯಿಲೆ. ಅವರ ಪುಸ್ತಕಗಳು ರೇಷ್ಮೆ ಸೀರೆಯ ರಟ್ಟಿನ ಡಬ್ಬಗಳಲ್ಲಿ, ಬೆಣ್ಣೆ ಕಾಗದ ಹೊದ್ದು ಮಲಗಿರುತ್ತಿದ್ದವು. ಇಬ್ಬರೂ ಒಬ್ಬರ ಕಣ್ಣಿಗೆ ಇನ್ನೊಬ್ಬರು ಮಣ್ಣೆರಚುವುದರಲ್ಲಿ ಪಳಗಿದವರು. ಪರಶುರಾಂಪುರದ ಶಾಲೆಯೊಂದರಲ್ಲಿ ಹಳೇ ಪುಸ್ತಕ ವಿಲೇವಾರಿಯಾಗುತ್ತದೆ ಎಂದು ತಿಳಿದಾಗ ಮೇಷ್ಟ್ರು ಫೋನು ಮಾಡಿ, ಗೌರಸಮುದ್ರದಲ್ಲಂತೆ ಎಂದು ಚಿತ್ತಪ್ಪನನ್ನು ಅತ್ತ ಓಡಿಸಿದರು. ಚಿತ್ತಪ್ಪನೂ ಸುಮ್ಮನೆ ಬಿಡಲಿಲ್ಲ. ಮೇಷ್ಟ್ರು ಬರುವ ದಿನ ನೋಡಿ ಜಯಣ್ಣನ ಗುಜರಿಯಲ್ಲಿ ಒಳ್ಳೆಯ ಪುಸ್ತಕಗಳನ್ನೆಲ್ಲ ಹಳೇ ಬ್ಯಾಟರಿಗಳ ಕೆಳಗೆ ಹೂತಿಡಿಸಿದ. ಮೇಷ್ಟ್ರು ಬಿಳೀ ಪಂಚೆಗೆ ಆಸಿಡ್ ತೂತು ಮಾಡಿಕೊಂಡು ಬರಿಗೈಲಿ ಬಸ್ಸು ಹತ್ತಿದರು.

ಇಬ್ಬರಿಗೂ ಕೊರತೆಯಿದ್ದದ್ದು ಒಂದೇ ಪುಸ್ತಕ. ಬಹಳ ಹಿಂದೆ ಶಾಲೆಗಳಿಗೆಂದು ಗ್ರಹಕ್ಕೊಂದರಂತೆ ಒಂಬತ್ತು ಪುಸ್ತಕಗಳ ಮಾಲೆಯೊಂದು ಬಂದಿತ್ತು. ಬುಧನಿಂದ ಪ್ಲೂಟೊ ತನಕ ಎಂಟು ಪುಸ್ತಕ ಇಬ್ಬರ ಹತ್ತಿರವೂ ಇದ್ದವು. ಪ್ಲೂಟೊವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ್ದಾರಲ್ಲ ಎಂದು ಯಾರಾದರೂ ಕೆಣಕಿದರೆ, “ಕೆಲಸದಿಂದ ತೆಗೆದವ್ರೆ, ನಾನು ಪಿಂಚಣಿ ಕೊಟ್ಟು ಇಟ್ಕೊಂಡೀನಿ” ಎನ್ನುತ್ತಿದ್ದ ಚಿತ್ತಪ್ಪ. ಇಲ್ಲದ್ದು ಶನಿ. ಎರಡು ತಾಲೂಕು ಜಾಲಾಡಿದರೂ ಶನಿಯ ಪುಸ್ತಕ ಮಾತ್ರ ಎಲ್ಲಿಯೂ ಇಲ್ಲ. ಬೇರೆಯವರು ಶನಿ ಬಿಟ್ಟು ಹೋಗಲಿ ಎಂದು ಹರಕೆ ಹೊತ್ತರೆ, ಇವರಿಬ್ಬರು ಬರಲಿ ಎಂದು ಕಾಯುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ದಿನ ಮೇಷ್ಟ್ರು ಪಾಪಕ್ಕನ ಅಂಗಡಿಯ ಬೆಂಚಿನ ಮೇಲೆ ಕೂತು ಇದ್ದಕ್ಕಿದ್ದಂತೆ ಹೇಳಿದರು: “ಚಿತ್ತಪ್ಪ, ಹಿಂಗೆ ಎಷ್ಟು ದಿನ ಎಳೆದಾಡಾನ? ಒಂದು ಪಂತ ಕಟ್ಟಾನ. ಶನಿ ಪುಸ್ತಕ ಮೊದ್ಲು ಯಾರ ಕೈಗೆ ಬರ್ತೈತೋ, ಇಬ್ಬರ ಪುಸ್ತಕಾನೂ ಅವರಿಗೇ.”

“ಎಲ್ಲಾವೂ?”

“ಎಲ್ಲಾವೂ. ನಿನ್ನ ಡಬ್ಬ, ನನ್ನ ಡಬ್ಬ, ಎಲ್ಲಾ.”

ಚಿತ್ತಪ್ಪ ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟ. ಆದರೆ ಪಾಪಕ್ಕ ಮಂಡಕ್ಕಿ ಕಲಸುವುದನ್ನು ನಿಲ್ಲಿಸಿ ಇವನ ಮುಖವನ್ನೇ ನೋಡುತ್ತಿದ್ದಳು. ಅವಳ ಮುಂದೆ ಹಿಂಜರಿದರೆ ನಾಳೆ ಚಳ್ಳಕೆರೆಯಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. “ಆತು ಮೇಷ್ಟ್ರೇ” ಎಂದುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಕಾಟಮ್ಮ ಅವನ ಅಕ್ಕನ ಮಗಳೇ. ಮದುವೆಗೆ ಮುಂಚೆಯೂ ಅವನು ಮಾವ, ಆಮೇಲೂ ಮಾವ. ಮೊಳಕಾಲ್ಮೂರು ಸೀರೆಗಳ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕಸುಬು. ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: “ನಿನ್ನ ಡಬ್ಬ ಹೋದ್ರೆ ನಂಗೆ ಅಕ್ಕಿ ಮೂಟೆ ಇಡಾಕೆ ಜಾಗ ಆಗ್ತೈತೆ. ಆದ್ರೆ ಆ ಶನಿ ಮಾತ್ರ ಈ ಮನೆ ಹೊಸ್ತಿಲು ದಾಟಬಾರದು ಮಾವ.”

“ಲೇ ಕಾಟಿ, ಶನಿ ಅಂದ್ರೆ ಬರೀ ಗಾಳಿ ಉಂಡೆ ಕಣೇ. ಅದರ ಸುತ್ತ ಐಸು, ಕಲ್ಲು. ಅವನಿಗೆ ಚಳ್ಳಕೆರೆ ಎಲ್ಲೈತೆ ಅಂತನೇ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ನಿಂಗೆ ಯಾರು ಹೇಳಿದ್ರು, ಅವನೇ ಹೇಳಿದ್ನಾ?”

ಚಿತ್ತಪ್ಪ ಈ ಮೂಢನಂಬಿಕೆಯ ಮೇಲೆ ಅರ್ಧ ಗಂಟೆ ಭಾಷಣ ಮಾಡಿದ. ಕಾಟಮ್ಮ ಅಷ್ಟರಲ್ಲಿ ಒಂದು ಸೀರೆ ಮುಗಿಸಿದಳು.

ಶನಿಯ ಸುಳಿವು ಸಿಕ್ಕಿದ್ದು ದೇವಸಮುದ್ರದ ಆಚೆಯ ಒಂದು ಹಟ್ಟಿಯಲ್ಲಿ. ಮೋಟಾರ್ ಬಿಚ್ಚಲು ಹೋದವನು ಅಭ್ಯಾಸದಂತೆ ಆ ಮನೆಯ ಮಂಜಮ್ಮನನ್ನು ಕೇಳಿದ, ಹಳೇ ಪುಸ್ತಕ ಏನಾದರೂ ಇದೆಯೇ ಎಂದು.

“ಒಂದಿತ್ತು ಕಣಣ್ಣ. ನನ್ನ ಮಗ ಸಣ್ಣವನಿದ್ದಾಗ ಇಸ್ಕೂಲಿನಾಗೆ ಓಟದಾಗೆ ಗೆದ್ದ ಅಂತ ಬಹುಮಾನ ಕೊಟ್ಟಿದ್ರು. ಮಿಕ್ಕ ಹುಡುಗ್ರಿಗೆಲ್ಲ ಗುರು, ಶುಕ್ರ ಅಂತ ಒಳ್ಳೊಳ್ಳೆ ಪುಸ್ತಕ ಬಂದ್ವು. ನನ್ನ ಮಗನ ಕೈಗೆ ಬಂದಿದ್ದು ಶನಿ! ನಾನು ಅಳ್ಕಂತ, ಹಂಗೇ ಹೊರಗಿಂದ ಹೊರಗೇ, ಗುಡಿಗೆ ಬಿಟ್ಟು ಬಂದೆ.”

ಚಿತ್ತಪ್ಪನಿಗೆ ತಲೆಯಲ್ಲಿ ದೀಪ ಹತ್ತಿದಂತಾಯಿತು. ಎರಡು ತಾಲೂಕಿನ ಶನಿಗಳೆಲ್ಲ ಎಲ್ಲಿಗೆ ಹೋಗಿದ್ದರು ಎಂಬುದು ಈಗ ತಿಳಿಯಿತು. ಪುಸ್ತಕ ಬಹುಮಾನ ಬಂದ ಪ್ರತಿ ಮನೆಯವರೂ ಅದನ್ನು ಒಳಗೆ ಬಿಟ್ಟುಕೊಳ್ಳದೆ, ಎಳ್ಳೆಣ್ಣೆ, ಕರೀ ಬಟ್ಟೆಯ ಜೊತೆಗೆ ಯಾವುದೋ ಗುಡಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದರು. ಅವನು ಬಿಚ್ಚಿದ ಮೋಟಾರನ್ನು ಅಲ್ಲೇ ಬಿಟ್ಟು ಟಿವಿಎಸ್ ಹತ್ತಿದ.

ಹಟ್ಟಿಯ ಹೊರಗೆ ಬೇವಿನ ಮರದ ಕೆಳಗೆ ಶನಿದೇವರ ಸಣ್ಣ ಗುಡಿ. ಪೂಜಾರಿ ದಾಸಣ್ಣ ವಯಸ್ಸಾದವನು, ಅರ್ಧ ಕನ್ನಡ ಅರ್ಧ ತೆಲುಗು. ಗುಡಿಯ ಬಾಗಿಲ ಪಕ್ಕದ ಗೂಡಿನಲ್ಲಿ ಜನ ಬಿಟ್ಟುಹೋದ ಹಳೇ ಚಪ್ಪಲಿ, ಕಬ್ಬಿಣದ ಮೊಳೆ, ಕರೀ ಬಟ್ಟೆ. ಅವುಗಳ ಮೇಲೆ, ಅಂಚಿಗೆಲ್ಲ ಎಳ್ಳೆಣ್ಣೆ ಇಳಿದು, ಶನಿಯ ಪುಸ್ತಕ. ಮುಖಪುಟದಲ್ಲಿ ಬಳೆ ತೊಟ್ಟ ಗ್ರಹ.

“ದಾಸಣ್ಣ, ಇದನ್ನ ನಾನು ತಗಂಡೋಗ್ಲಾ?”

“ತೀಸ್ಕೋ ನಾಯನಾ, ಧಾರಾಳವಾಗಿ ತಗಂಡೋಗು. ಆದ್ರೆ ಇಲ್ಲಿ ಒಂದು ಕಟ್ಟುಪಾಡು ಐತೆ. ಬಿಟ್ಟೋರ ಹೆಸರು ಹೇಳಿ, ‘ಇವರ ಶನಿ ನನಗಿರಲಿ’ ಅಂತ ದೇವರ ಮುಂದೆ ಬಾಯ್ಬಿಟ್ಟು ಅಂದು ತಗಬೇಕು. ಸುಮ್ನೆ ಎತ್ತಿಕೊಂಡು ಹೋಗಂಗಿಲ್ಲ.”

ಅಷ್ಟೇ ತಾನೆ ಎಂದುಕೊಂಡು ಚಿತ್ತಪ್ಪ ದೇವರ ಮುಂದೆ ನಿಂತ. ಬಾಯಿ ತೆರೆದ. ಗಾಳಿ ಉಂಡೆ, ಐಸು, ಕಲ್ಲು ಎಂದು ಮನಸ್ಸಿನಲ್ಲೇ ಅಂದುಕೊಂಡ. ಕಪ್ಪು ಕಲ್ಲಿನ ಶನಿದೇವರು ಬೆಳ್ಳಿ ಕಣ್ಣಿಟ್ಟುಕೊಂಡು ಇವನನ್ನೇ ನೋಡುತ್ತಿದ್ದ. ಆಗ ಚಿತ್ತಪ್ಪನಿಗೆ ಹೋದ ವರ್ಷ ಬಿದ್ದು ಮಂಡಿ ಮುರಿದದ್ದು, ಅಂಗಡಿಗೆ ಬೆಂಕಿ ಹತ್ತಿ ಕೂದಲೆಳೆಯಲ್ಲಿ ಉಳಿದದ್ದು ಎಲ್ಲ ಒಟ್ಟಿಗೇ ನೆನಪಾಯಿತು. ತೆರೆದ ಬಾಯಿ ಮುಚ್ಚಿದ.

“ದಾಸಣ್ಣ, ಕೈಯೆಲ್ಲಾ ಗ್ರೀಸಾಗೈತೆ. ಇನ್ನೊಂದು ದಿನ ಬರ್ತೀನಿ.”

ದಾಸಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಯುಗಾದಿಗೆ ಮುಂಚೆ ಮೊಳಕಾಲ್ಮೂರಿನ ಒಬ್ಬ ಮೇಷ್ಟ್ರು ಬಂದಿದ್ರು. ಅವರೂ ಹಿಂಗೇ ಬಾಯಿ ತೆಗೆದು ನಿಂತ್ರು. ಆಮ್ಯಾಕೆ, ಕನ್ನಡಕ ಮರೆತು ಬಂದೀನಿ, ಇನ್ನೊಂದಿನ ಬರ್ತೀನಿ ಅಂತ ಹೋದ್ರು. ಮೂಗಿನ ಮೇಲೇ ಇತ್ತು ಕನ್ನಡಕ!”

ಚಿತ್ತಪ್ಪನಿಗೆ ಮೈ ಉರಿಯಿತು. ಮೇಷ್ಟ್ರು ಪುಸ್ತಕ ಎಲ್ಲಿದೆ ಎಂದು ನೋಡಿಕೊಂಡೇ ಪಂತ ಕಟ್ಟಿದ್ದರು! ಇಂದೋ ನಾಳೆಯೋ ಅವರಿಗೆ ಧೈರ್ಯ ಬಂದರೆ ಸಾಕು, ಇವನ ಡಬ್ಬಗಳೆಲ್ಲ ಲಗೇಜ್ ಆಟೊ ಹತ್ತಿ ಮೊಳಕಾಲ್ಮೂರಿಗೆ ಹೋಗುತ್ತವೆ. ಅದನ್ನು ನೆನೆದೇ ಅವನಿಗೆ ಊಟ ಸೇರದಾಯಿತು. ತನ್ನ ಬದಲು ಹೋಗಿ ಆ ಮಾತು ಅಂದು ಪುಸ್ತಕ ತಾ ಎಂದು ಜಯಣ್ಣನನ್ನು ಪುಸಲಾಯಿಸಿ ನೋಡಿದ. “ಬ್ಯಾಟ್ರಿ ಆಸಿಡ್ ಬೇಕಾದ್ರೆ ಬರಿಗೈಲಿ ಎತ್ತೇನು, ಅದೊಂದು ಹೇಳಬ್ಯಾಡ ಕಣಣ್ಣೋ” ಎಂದ ಜಯಣ್ಣ.

ಗಂಡ ಎರಡು ದಿನ ಮುದ್ದೆ ಮುರಿಯದೆ ಎದ್ದದ್ದನ್ನು ಕಂಡು ಕಾಟಮ್ಮ ಬಾಯಿ ಬಿಡಿಸಿದಳು. ಕೇಳಿ, ಸೂಜಿ ಕೆಳಗಿಟ್ಟು ನಕ್ಕಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. “ಗಾಳಿ ಉಂಡೆಗೆ ಅಂಜಿದ್ಯಾ ಮಾವ?”

ಚಿತ್ತಪ್ಪ ಗೋಡೆಯ ಡಬ್ಬಗಳ ಕಡೆ ನೋಡಿದ. ಆ ನೋಟ ಕಂಡು ಕಾಟಮ್ಮನ ನಗು ನಿಂತುಹೋಯಿತು. ಕುಚ್ಚಿನ ದಾರ ಬೆರಳಿಗೆ ಸುತ್ತಿ ಬಿಚ್ಚಿದಳು.

“ಈ ಶನಿವಾರ ನಾನು ಬರ್ತೀನಿ, ನಡಿ. ನಾನೇ ಅಂದು ತಗಂತೀನಿ.”

“ನೀನಾ? ನೀನು ಇದನ್ನೆಲ್ಲ ನಂಬೋಳಲ್ಲೇನೇ?”

“ನಂಬ್ತೀನಿ. ಏನೀಗ? ಈ ಡಬ್ಬ ಹೋದ್ರೆ ನೀನು ಬರೀ ಸುಟ್ಟ ಮೋಟ್ರು ಮುಂದೆ ಕೂತಿರ್ತೀಯ. ಅದನ್ನ ನೋಡ್ಕಂತ ಇರಾಕೆ ನನ್ನ ಕೈಲಾಗಲ್ಲ. ಆ ಶನಿ ಹೊಸ್ತಿಲು ದಾಟೋದಿದ್ರೆ ನನ್ನ ತಲೆ ಮೇಲೇ ಕೂತು ದಾಟ್ಲಿ.”

ಬೇಡ ಎನ್ನಬೇಕಿತ್ತು. ಚಿತ್ತಪ್ಪ ಎನ್ನಲಿಲ್ಲ. ಡಬ್ಬಗಳ ಆಸೆ ಅವನ ಬಾಯಿ ಕಟ್ಟಿತ್ತು.

ಶನಿವಾರ ಬೆಳಿಗ್ಗೆ ಕಾಟಮ್ಮ ತಲೆಗೆ ನೀರು ಹಾಕಿಕೊಂಡು, ಎಳ್ಳೆಣ್ಣೆಯ ಸೀಸೆ ಹಿಡಿದು ಟಿವಿಎಸ್ ಹಿಂದೆ ಕೂತಳು. ಗುಡಿ ಮುಟ್ಟಿದರೆ ಕಟ್ಟೆಯ ಮೇಲೆ ಸಾಕ್ಷಾತ್ ಜಂಬುಲಿಂಗಪ್ಪ ಮೇಷ್ಟ್ರು! ಮೂಗಿನ ಮೇಲೆ ಒಂದು ಕನ್ನಡಕ, ಜೇಬಿನಲ್ಲಿ ಇನ್ನೊಂದು. ಈ ಸಲ ಆ ನೆಪಕ್ಕೆ ಜಾಗ ಇಟ್ಟಿರಲಿಲ್ಲ.

“ಏನ್ ಮೇಷ್ಟ್ರೇ, ಒಳಗೆ ಹೋಗ್ಲಿಲ್ವಾ?” ಎಂದು ಚಿತ್ತಪ್ಪ ಹಲ್ಲು ಕಡಿದ.

“ರಾಹುಕಾಲ ಕಳೀಲಿ ಅಂತ ಕೂತೀನಪ್ಪ” ಎಂದರು ವಿಜ್ಞಾನದ ಮೇಷ್ಟ್ರು.

ಕಾಟಮ್ಮ ಇಬ್ಬರನ್ನೂ ನೋಡದೆ ಒಳಗೆ ನಡೆದಳು. ದೀಪಕ್ಕೆ ಎಣ್ಣೆ ಹಾಕಿದಳು. ಗೂಡಿನ ಕಡೆ ಕೈ ಚಾಚಿದಾಗ ಅವಳ ಗಾಜಿನ ಬಳೆಗಳು ಒಂದೇ ಸಮನೆ ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅವಳು ಎಷ್ಟು ಹೆದರಿದ್ದಾಳೆ ಎಂಬುದು ಚಿತ್ತಪ್ಪನಿಗೆ ಆಗ ಗೊತ್ತಾಯಿತು. “ಮಂಜಮ್ಮನ ಮನೆ ಶನಿ ನನಗಿರಲಿ” ಎಂದು ಕಣ್ಣು ಮುಚ್ಚಿ, ಗಟ್ಟಿಯಾಗಿ ಅಂದು, ಪುಸ್ತಕ ಎತ್ತಿಕೊಂಡಳು.

ನಾಚಿಕೆ ಆಗಬೇಕಾದ ಆ ಗಳಿಗೆಯಲ್ಲಿ ಚಿತ್ತಪ್ಪ ಎಗರಿ ಕುಣಿದ. “ಗೆದ್ದೆ! ಮೇಷ್ಟ್ರೇ, ಸೀರೆ ಡಬ್ಬ ಎಲ್ಲಾ ಕಟ್ಟಿಡ್ರಿ!”

“ಯಾರು ಗೆದ್ದಿದ್ದು?” ಕಾಟಮ್ಮ ತಿರುಗಿದಳು. “ಪುಸ್ತಕ ಯಾರ ಕೈಯಾಗೈತೆ?”

ಚಿತ್ತಪ್ಪನ ಕುಣಿತ ಅರ್ಧಕ್ಕೇ ನಿಂತಿತು. ಮೊದಲು ಯಾರ ಕೈಗೆ ಬರುತ್ತದೋ ಎಲ್ಲ ಅವರಿಗೆ, ಅದೇ ತಾನೆ ಮಾತು? ಮೇಷ್ಟ್ರು ಗಹಗಹಿಸಿ ನಕ್ಕರು. ತಮ್ಮದು ಹೋದರೂ ಚಿಂತೆಯಿಲ್ಲ, ಚಿತ್ತಪ್ಪನದೂ ಹೋಯಿತಲ್ಲ ಎಂಬ ಆನಂದ ಅವರಿಗೆ. “ನ್ಯಾಯ ನ್ಯಾಯವೇ ಕಣಮ್ಮ. ಇಬ್ಬರದೂ ನಿಂದೇ” ಎಂದರು. ದಾಸಣ್ಣನೂ ಹೌದೆಂದು ತಲೆ ಆಡಿಸಿದ.

“ನಿಮ್ಮ ಡಬ್ಬ ನಿಮ್ಮ ಮನೆಯಾಗೇ ಇರ್ಲಿ ಮೇಷ್ಟ್ರೇ, ನಂಗೆ ಬೇಕಾದಾಗ ಕೇಳ್ತೀನಿ” ಎಂದು ಕಾಟಮ್ಮ ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ಗಂಡನ ಮುಂದೆ ಹಿಡಿದಳು. “ಈಗ ಓದು. ನಾನು ತಲೆ ಮೇಲೆ ಹೊತ್ಕೊಂಡಿದ್ದು ಏನಂತ ನಂಗೂ ಗೊತ್ತಾಗಬೇಕಲ್ಲ. ಬರೀ ಚಿತ್ರ ತೋರಿಸಬ್ಯಾಡ.”

ಚಿತ್ತಪ್ಪ ಜೀವಮಾನದಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ಮೊದಲ ಸಾಲಿನಿಂದ ಓದಲು ಕೂತ. ಎಣ್ಣೆ ಇಳಿದ ಕಡೆ ಅಕ್ಷರ ಕಾಣದೆ ತಡವರಿಸಿದಾಗ ಮೇಷ್ಟ್ರು ಜೇಬಿನ ಕನ್ನಡಕ ತೆಗೆದುಕೊಟ್ಟರು. ಶನಿ ಸೂರ್ಯನಿಂದ ಎಷ್ಟು ದೂರ, ಅವನ ಬಳೆಗಳು ಏತರವು, ಎಲ್ಲ ಆಯಿತು. ಮುಂದಿನ ಸಾಲು: “ಸೂರ್ಯನನ್ನು ಒಂದು ಸುತ್ತು ಬರಲು ಶನಿಗೆ ನಮ್ಮ ಲೆಕ್ಕದಲ್ಲಿ ಸುಮಾರು ಮೂವತ್ತು ವರ್ಷ ಬೇಕು.”

“ತಡಿ” ಎಂದಳು ಕಾಟಮ್ಮ. “ನಮ್ಮ ಮದುವೆ ಆಗಿ ಎಷ್ಟು ವರ್ಷ ಆತು?”

“ಮೂವತ್ತು.”

“ಹಂಗಾದ್ರೆ ಅವತ್ತು ಎಲ್ಲಿದ್ನೋ ಈಗ ತಿರುಗಿ ಅಲ್ಲಿಗೇ ಬಂದವ್ನೆ. ಪೂರಾ ಒಂದು ಸುತ್ತು ನಾನು ನಿನ್ನ ಜತೆಗೇ ಕಳೆದೀನಿ ಮಾವ. ಇನ್ನೊಂದು ಸುತ್ತಿಗೆ ಅಂಜಿ ಏನ್ಮಾಡಾದು? ಓದು, ಮುಂದಕ್ಕೆ ಓದು.”

ಚಿತ್ತಪ್ಪನಿಗೆ ಮುಂದಿನ ಸಾಲು ಕಾಣಲಿಲ್ಲ. ಕನ್ನಡಕದ ತಪ್ಪಲ್ಲ ಅದು. ಈ ಹೆಣ್ಣುಮಗಳು ಹೆದರುತ್ತಲೇ ತನಗೋಸ್ಕರ ಶನಿಯನ್ನು ತಲೆಗೇರಿಸಿಕೊಂಡಳಲ್ಲ, ತಾನು ಡಬ್ಬಗಳ ಲೆಕ್ಕ ಹಾಕುತ್ತ ಕುಣಿದೆನಲ್ಲ ಎಂದು ಅವನಿಗೆ ಈಗ ನಾಚಿಕೆಯಾಯಿತು. ಪುಸ್ತಕ ಹಿಡಿದೇ ಎದ್ದ. ಗುಡಿಯೊಳಗೆ ಹೋಗಿ ಬೆಳ್ಳಿ ಕಣ್ಣುಗಳ ಎದುರು ನಿಂತ. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

“ಕಾಟಮ್ಮನ ಶನಿ ನನಗಿರಲಿ” ಎಂದ. ಬೇವಿನ ಮರದ ಕಾಗೆಗಳು ಹಾರುವಷ್ಟು ಗಟ್ಟಿಯಾಗಿ ಅಂದ.

ದಾಸಣ್ಣ ಕಟ್ಟೆಯಿಂದಲೇ, ಕಟ್ಟುಪಾಡಿನ ಪ್ರಕಾರ ಶನಿ ಈಗ ಚಿತ್ತಪ್ಪನಿಗೆ ಬಂದ ಹಾಗಾಯಿತು ಎಂದು ತೀರ್ಪು ಕೊಟ್ಟ. ಕಾಟಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು.

“ಆತು, ಶನಿ ನಿಂದೇ” ಎಂದಳು. “ಡಬ್ಬ ಮಾತ್ರ ನಂದೇ.”